ಬಾಟ್ಲಿ ಮೇಷ್ಟ್ರಿಗೆ ಸಿಕ್ಕ ಕೋಣೆ

ಎಲ್ಲ ಶುರುವಾದದ್ದು ಒಂದು ಬಾಗಿಲು ಸದ್ದಿಲ್ಲದೆ ತೆರೆದುಕೊಂಡದ್ದರಿಂದ.

ಮೇಷ್ಟ್ರ ಮನೆಯ ಮುಂಬಾಗಿಲು ಹಾಗೆಲ್ಲ ಸುಮ್ಮನೆ ತೆರೆದುಕೊಳ್ಳುವಂಥದ್ದಲ್ಲ. ಹಾಲಿನವನು ಬಂದರೂ, ಬೆಕ್ಕು ಹೋದರೂ, ಬಹಳ ದಿನದ ಮೇಲೆ ನೆಂಟರನ್ನು ಕಂಡ ಮುದುಕಿಯ ಹಾಗೆ ಉದ್ದಕ್ಕೆ ರಾಗ ಎಳೆದು, ಇಡೀ ಬೀದಿಗೆ ಸುದ್ದಿ ಮುಟ್ಟಿಸಿಯೇ ತೆರೆದುಕೊಳ್ಳುವ ಬಾಗಿಲು ಅದು. ಆ ಬೆಳಿಗ್ಗೆ ಮಾತ್ರ ಪೇಪರ್ ಎತ್ತಿಕೊಳ್ಳಲು ಮೇಷ್ಟ್ರು ಎಳೆದಾಗ ಮಾತಾಡದೆ ಬಂದುಬಿಟ್ಟಿತು. ಎಂದಿನ ಬಲ ಹಾಕಿ ಎಳೆದಿದ್ದ ಮೇಷ್ಟ್ರು ಅದರ ಜೊತೆಗೇ ಹಿಂದಕ್ಕೆ ಹೋಗಿ ಚಪ್ಪಲಿ ಗೂಡಿನ ಮೇಲೆ ಕುಳಿತರು. ಕುಳಿತಲ್ಲೇ ಅವರ ಮೂಗು ಅರಳಿತು. ಆ ವಾಸನೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಅತ್ತೆ, ಈ ಬಾಗಿಲಿಗೆ ಏನು ಹಚ್ಚಿದ್ರಿ?”

“ಅದೇ, ಅಡುಗೆಮನೆ ಕಿಟಕೀಲಿ ಒಂದು ಬಾಟ್ಲಿ ಇಟ್ಟಿದ್ರಲ್ಲ ಅಳಿಯಂದ್ರೇ, ಹಳದಿಗೆ, ಗಟ್ಟಿಯಾಗಿ,” ಒಳಗಿನಿಂದ ಹೆಂಡತಿಯ ತಾಯಿಯ ಹೆಮ್ಮೆಯ ದನಿ ಬಂತು. “ಪಾಪ, ಬಾಗಿಲಿಗೆ ಅಂತ ತಂದಿರ್ತೀರಿ, ಕೆಲಸದಲ್ಲಿ ಮರೆತಿರ್ತೀರಿ ಅಂತ ನಾನೇ ಹಚ್ಚಿಬಿಟ್ಟೆ. ಮಿಕ್ಕಿದ್ದನ್ನ ಗೇಟಿಗೆ, ಬೀರುವಿಗೆ ಬಳಿದೆ. ಬಾಟ್ಲಿ ತೊಳೆದು ಕವುಚಿಟ್ಟಿದೀನಿ. ಸ್ವಲ್ಪ ವಾಸನೆ, ಆದರೆ ಜಾರೋದೇನೋ ಚೆನ್ನಾಗಿ ಜಾರುತ್ತೆ.”

ಮೇಷ್ಟ್ರು ಚಪ್ಪಲಿ ಗೂಡಿನ ಮೇಲಿಂದ ಏಳಲಿಲ್ಲ. ಅತ್ತೆ ಬಾಗಿಲಿಗೆ ಬಳಿದದ್ದು ಶಾಲೆಯ ಕ್ಯಾಂಟೀನಿನ ಚರಂಡಿಯಿಂದ ಅವರು ನಿನ್ನೆ ಸಂಜೆ ಚಮಚದಲ್ಲಿ ಕೆರೆದು ಕೆರೆದು ತುಂಬಿಕೊಂಡು ಬಂದಿದ್ದ ಜಿಡ್ಡು. ಇವತ್ತು ಶಾಲೆಯ ತಪಾಸಣೆಗೆ ಬರುವ ಸಾಹೇಬರ ಮುಂದೆ ಮಾಡಬೇಕಾಗಿದ್ದ ಪಾಠ ಪೂರ್ತಿ ಆ ಬಾಟ್ಲಿಯೊಳಗಿತ್ತು. ಈಗ ಬಾಗಿಲಿಗೂ ಬೀರುವಿಗೂ ಹಂಚಿಹೋಗಿತ್ತು.

ಮೇಷ್ಟ್ರು ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುವವರು. ಎಲ್ಲರ ಬಾಯಲ್ಲೂ ಅವರು ಬಾಟ್ಲಿ ಮೇಷ್ಟ್ರು. ಈ ಹೆಸರನ್ನು ಹೊಸದಾಗಿ ಕೇಳಿದವರು ಅವರ ಹೆಂಡತಿಯ ಕಡೆ ಒಂದು ಸಲ ಕನಿಕರದಿಂದ ನೋಡುವುದುಂಟು. ಸಂಗತಿ ಬೇರೆಯೇ ಇತ್ತು. ಶಾಲೆಗೆ ಪ್ರಯೋಗಾಲಯ ಇರಲಿಲ್ಲ. ಹಾಗಂತ ವಿಜ್ಞಾನವನ್ನು ಬರೀ ಬಾಯಲ್ಲಿ ಹೇಳುವುದು ಈಜನ್ನು ಹಾಸಿಗೆಯ ಮೇಲೆ ಕಲಿಸಿದ ಹಾಗೆ ಎಂದು ನಂಬಿದ್ದ ಮೇಷ್ಟ್ರು, ಅಕ್ಕಪಕ್ಕದ ಮನೆಗಳಿಂದ ಜಾಮಿನ ಬಾಟ್ಲಿ, ಔಷಧಿ ಬಾಟ್ಲಿ, ಶಾಯಿ ಬಾಟ್ಲಿಗಳನ್ನು ಬೇಡಿ ತಂದು, ತರಕಾರಿ ಚೀಲದಲ್ಲಿ ಹಾಕಿಕೊಂಡು ತರಗತಿಯಿಂದ ತರಗತಿಗೆ ಓಡಾಡುತ್ತಿದ್ದರು. ಅವರು ಬರುವುದಕ್ಕೆ ಮೊದಲೇ ಅವರ ಚೀಲದ ಕಿಣಿಕಿಣಿ ಬರುತ್ತಿತ್ತು. ಆ ಸದ್ದು ಕೇಳಿದರೆ ಕೊನೆಯ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು. ಯಾವ ಮೇಷ್ಟ್ರಿಗೂ ಆ ಶಾಲೆಯಲ್ಲಿ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ಬಾಟ್ಲಿ ಒಡೆಯದ ಹಾಗೆ ನೋಡಿಕೊಳ್ಳುವುದರಲ್ಲೇ ಅವರ ಗಮನವೆಲ್ಲ.

ಶಾಲೆಯ ಹಿಂಭಾಗದಲ್ಲಿ, ಕ್ಯಾಂಟೀನಿನ ಅಡುಗೆಮನೆಗೂ ಹೆಡ್‌ಮೇಡಂ ಆಫೀಸಿಗೂ ನಡುವೆ, ಒಂದು ಕೋಣೆ ಖಾಲಿ ಬಿದ್ದಿತ್ತು. ಅಲ್ಲಿ ಬೆಂಚು ಎಲ್ಲಿ ಹಾಕಬೇಕು, ನಲ್ಲಿ ಎಲ್ಲಿ ಬರಬೇಕು, ಬಾಟ್ಲಿಗಳಿಗೆ ಹಲಗೆ ಯಾವ ಗೋಡೆಗೆ ಹೊಡೆಯಬೇಕು ಎಂದು ಮೇಷ್ಟ್ರು ನಿದ್ದೆಯಲ್ಲೂ ಜೋಡಿಸುತ್ತಿದ್ದರು. “ನಿಮ್ಮ ಎರಡನೇ ಸಂಸಾರ ಹೇಗಿದೆ?” ಎಂದು ಹೆಂಡತಿ ಕೇಳುವಷ್ಟು. ಆದರೆ ಅದೇ ಕೋಣೆ ತನ್ನ ಚೆಂಡು, ಬಲೆ, ಕಂಬಗಳಿಗೆ ಬೇಕು ಎಂದು ಡ್ರಿಲ್ ಮೇಷ್ಟ್ರು ಪಟ್ಟು ಹಿಡಿದಿದ್ದರು. ಇಬ್ಬರಲ್ಲಿ ಯಾರಿಗೆ ಎನ್ನುವುದನ್ನು ಇವತ್ತು ತಪಾಸಣೆಗೆ ಬರುವ ಸಾಹೇಬರು ಇಬ್ಬರ ಕೆಲಸವನ್ನೂ ನೋಡಿ ತೀರ್ಮಾನಿಸುವುದೆಂದು ಆಗಿತ್ತು.

ಪಾಠದ ವಿಷಯ ದ್ರಾವ್ಯತೆ. ಯಾವುದು ಯಾವುದರಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎನ್ನುವುದು. ಪುಸ್ತಕದಲ್ಲಿ ಸಕ್ಕರೆ, ಉಪ್ಪು ಎಂದಿತ್ತು. ಮೇಷ್ಟ್ರಿಗೆ ಅದು ಸಪ್ಪೆ ಅನಿಸಿತ್ತು. ಕರಗಿಹೋದದ್ದು ತೆಪ್ಪಗೆ ಇದ್ದುಬಿಡುತ್ತದೆ, ಕರಗದೆ ಉಳಿದದ್ದೇ ಪ್ರಶ್ನೆ ಕೇಳುವುದು ಎಂಬುದು ಅವರ ಮತ. ಅದಕ್ಕೇ ಜಿಡ್ಡು.

“ಹೋಗ್ಲಿ ಬಿಡಿ,” ಎಂದಳು ಹೆಂಡತಿ, ಅವರನ್ನು ಗೂಡಿನ ಮೇಲಿಂದ ಎಬ್ಬಿಸುತ್ತಾ. “ಕ್ಯಾಂಟೀನ್ ಚರಂಡೀಲಿ ಜಿಡ್ಡಿಗೇನು ಬರವೇ? ಇನ್ನೊಂದು ಬಾಟ್ಲಿ ತುಂಬ್ಕೊಳ್ಳಿ.”

ಮಾತು ಸರಿಯಾಗಿತ್ತು. ಮೇಷ್ಟ್ರು ತಿಂಡಿಯನ್ನೂ ಬಿಟ್ಟು ಚೀಲ ಹೆಗಲಿಗೇರಿಸಿಕೊಂಡು ಶಾಲೆಗೆ ಓಡಿದರು.

ಕ್ಯಾಂಟೀನಿನ ಹಿಂದೆ ಚರಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರೆ, ಅದರಲ್ಲಿ ಅವರ ಮುಖ ಕಾಣುತ್ತಿತ್ತು. ನಿನ್ನೆಯ ತನಕ ಹಳೇ ಹಲಗೆಗೆ ಬಣ್ಣ ಬಳಿದಂತೆ ಜಿಡ್ಡು ಹತ್ತಿಕೊಂಡಿದ್ದ ಚರಂಡಿ ಈಗ ಊಟಕ್ಕೆ ಹಾಕಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

“ಅಕ್ಕಾ, ಇಲ್ಲಿದ್ದ ಜಿಡ್ಡೆಲ್ಲ ಎಲ್ಲಿ?”

ಕ್ಯಾಂಟೀನ್ ಅಕ್ಕ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಹೆಡ್‌ಮೇಡಂ ಹೇಳಿದ್ರು, ಸಾಹೇಬರು ಬರ್ತಾರೆ, ಮೂಗು ಮುಚ್ಕೋಬಾರ್ದು ಅಂತ. ಬೆಳಿಗ್ಗೆಯಿಂದ ಹಂಡೆಗಟ್ಟಲೆ ಕುದಿಯೋ ನೀರು ಸುರಿದಿದೀನಿ, ಡಬ್ಬಗಟ್ಟಲೆ ಸೋಪಿನ ಪುಡಿ ಹಾಕಿದೀನಿ. ನೋಡಿ ಈಗ. ಎಲ್ಲಾ ಮಾಯ.”

“ಮಾಯ ಆಗಲ್ಲ ಅಕ್ಕ. ಊರು ಬಿಟ್ಟಿದೆ ಅಷ್ಟೇ.”

“ಯಾವೂರಿಗೆ ಹೋದ್ರೂ ಸರಿ. ನನ್ನ ಅಡುಗೆಮನೇಲಿಲ್ಲ ತಾನೇ?”

ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಕೈಬಿಟ್ಟು ಸಕ್ಕರೆ ಉಪ್ಪಿನ ಪಾಠಕ್ಕೆ ಹಿಂತಿರುಗುತ್ತಿದ್ದರು. ಬಾಟ್ಲಿ ಮೇಷ್ಟ್ರ ಕಣ್ಣಲ್ಲಿ ಮಾತ್ರ ಕಳ್ಳನ ಹೆಜ್ಜೆ ಗುರುತು ಕಂಡ ಪೊಲೀಸಿನವನ ಕಳೆ ಬಂತು. ಕುದಿಯುವ ನೀರು ಜಿಡ್ಡನ್ನು ತೆಳ್ಳಗೆ ಮಾಡಿ ಓಡಿಸಿದೆ, ಸರಿ. ಆದರೆ ಪೈಪು ನೆಲದೊಳಗೆ ತಣ್ಣಗಿದೆ. ಓಡಿದ ಜಿಡ್ಡು ದಾರಿಯಲ್ಲಿ ಎಲ್ಲೋ ಚಳಿಗೆ ಮುದುಡಿ ಕುಳಿತಿರಲೇಬೇಕು. ಎಲ್ಲಿ?

ಪೈಪಿನ ದಾರಿ ಅವರಿಗೆ ಗೊತ್ತಿತ್ತು. ಅಡುಗೆಮನೆಯಿಂದ ಖಾಲಿ ಕೋಣೆಯ ಕೆಳಗೆ, ಅಲ್ಲಿಂದ ಹೆಡ್‌ಮೇಡಂ ಆಫೀಸಿನ ಶೌಚಾಲಯದ ಕೆಳಗೆ, ಅಲ್ಲಿಂದ ಅಂಗಳ ದಾಟಿ ಗೇಟಿನ ಬಳಿಯ ಗುಂಡಿಗೆ. ಮೊದಲು ಗೇಟಿನ ಗುಂಡಿಯ ಮುಚ್ಚಳ ಎತ್ತಿ ನೋಡಿದರು. ಕ್ಯಾಂಟೀನಿನಲ್ಲಿ ನಲ್ಲಿಗಳು ಭೋರೆಂದು ಸುರಿಯುತ್ತಿದ್ದರೂ ಗುಂಡಿಗೆ ಬರುತ್ತಿದ್ದ ನೀರು ಜಿಪುಣ ಮಾವ ಬಡಿಸಿದ ಹಾಲಿನಷ್ಟು. ಮೇಷ್ಟ್ರಿಗೆ ಖುಷಿಯಾಯಿತು. ಜಿಡ್ಡು ಶಾಲೆಯ ಗಡಿ ದಾಟಿಲ್ಲ.

ಆಮೇಲೆ ಅವರು ಮಾಡಿದ್ದು ನೋಡಿದವರಿಗೆ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ. ಹೆಡ್‌ಮೇಡಂ ಆಫೀಸಿನ ಹೊರಗಿನ ಪಡಸಾಲೆಯಲ್ಲಿ ಬೋರಲು ಮಲಗಿ, ನೆಲಕ್ಕೆ ಕಿವಿಯಿಟ್ಟು, ಚಮಚದಿಂದ ನೆಲವನ್ನು ಟಕಟಕ ಬಡಿಯುತ್ತಾ, ಸ್ವಲ್ಪ ತೆವಳಿ, ಮತ್ತೆ ಕಿವಿಯಿಟ್ಟು, ಮತ್ತೆ ಬಡಿಯುತ್ತಾ ಸಾಗಿದರು.

ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೊರಳಲ್ಲಿ ಸೀಟಿ ಹಾಕಿಕೊಂಡ ಡ್ರಿಲ್ ಮೇಷ್ಟ್ರು ಅವರ ತಲೆಯ ಬಳಿ ಬಂದು ನಿಂತರು. “ಏನ್ ಮೇಷ್ಟ್ರೇ, ದಂಡ ಹೊಡೀತಿದೀರಾ? ಕೋಣೆ ನನಗೇ ಬರುತ್ತೆ ಅಂತ ಗೊತ್ತಾಗಿ ಈಗಿನಿಂದಲೇ ನಮ್ಮ ಕಡೆ ಸೇರ್ಕೊಂಡ್ರಾ?”

“ಶ್... ಇಲ್ಲೇ ಇದೆ. ಸದ್ದು ಮಂದ ಆಗಿದೆ ನೋಡಿ.”

“ಯಾರು ಇದಾರೆ?”

“ಜಿಡ್ಡು.”

ಇವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಶಾಲೆಯಲ್ಲಿ ಮಾತಿತ್ತು. ಮೇಷ್ಟ್ರು ಮಾತ್ರ ಈ ಗಾದೆಯನ್ನು ಒಪ್ಪುತ್ತಿರಲಿಲ್ಲ. ಎಣ್ಣೆಗೂ ಸೀಗೆಕಾಯಿಗೂ ಜಗಳವೇ ಇಲ್ಲ, ನೀರಿನ ಮುಖ ನೋಡದ ಎಣ್ಣೆಯ ಕೈಹಿಡಿದು ನೀರಿನ ಬಳಿಗೆ ಕರೆದುಕೊಂಡು ಹೋಗುವುದೇ ಸೀಗೆಕಾಯಿ, ಅದು ಮದುವೆ ದಲ್ಲಾಳಿ ಎಂದು ಅವರು ತಿದ್ದುತ್ತಿದ್ದರು. ತಿದ್ದಿದ್ದಕ್ಕೂ ಡ್ರಿಲ್ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು.

ಪಡಸಾಲೆ ಮುಗಿಯುವಲ್ಲಿ, ಹೆಡ್‌ಮೇಡಂ ಕಿಟಕಿಯ ಕೆಳಗೆ, ಇನ್ನೊಂದು ಕಬ್ಬಿಣದ ಮುಚ್ಚಳವಿತ್ತು. ಮೇಷ್ಟ್ರು ಅದನ್ನು ಸರಿಸಿ, ಅಂಗಿಯ ತೋಳು ಮಡಿಸಿ, ಪೈಪಿನೊಳಗೆ ಕೈ ತೂರಿಸಿದರು. ಮೊಣಕೈ ತನಕ ಏನೂ ಇಲ್ಲ. ಹೆಗಲ ತನಕ ಹೋದಾಗ ಬೆರಳಿಗೆ ತಾಗಿತು. ಮುಷ್ಟಿಗೆ ಸಿಕ್ಕಿದ್ದು ನಿಂಬೆಹಣ್ಣಿನಷ್ಟು. ಅದರ ಹಿಂದೆ ಬೆರಳ ತುದಿಗೆ ತಿಳಿದದ್ದು ಎಮ್ಮೆ ಮಲಗಿದಷ್ಟು.

“ಸಿಕ್ತು,” ಎಂದರು ಮೇಷ್ಟ್ರು ತೃಪ್ತಿಯಿಂದ. ಕೈ ಹಿಂದಕ್ಕೆ ಎಳೆದುಕೊಂಡರು. ಕೈ ಬರಲಿಲ್ಲ.

ಮುಷ್ಟಿ ಬಿಟ್ಟರೆ ಕೈ ಬರುತ್ತಿತ್ತು. ಆದರೆ ಮುಷ್ಟಿಯಲ್ಲಿ ಪಾಠವಿತ್ತು.

ಕಿಟಕಿಯಿಂದ ಹೆಡ್‌ಮೇಡಂ ತಲೆ ಹೊರಗೆ ಬಂತು. “ಮೇಷ್ಟ್ರೇ, ಇದೇನಿದು? ಸಾಹೇಬರು ಬರೋ ಹೊತ್ತು.”

“ಮೇಡಂ, ಇವತ್ತೊಂದಿನ ನಿಮ್ಮ ಟಾಯ್ಲೆಟ್ ಯಾರೂ ಬಳಸೋದು ಬೇಡ. ಪೈಪು ಕಟ್ಟಿದೆ.”

“ಕಟ್ಟೋದೆಲ್ಲಿಂದ ಬಂತು? ಬೆಳಿಗ್ಗೆ ತಾನೇ ಅಷ್ಟು ಬಿಸಿ ನೀರು ಹಾಕ್ಸಿದೀನಿ. ಸಾಹೇಬರಿಗೆ ಅಂತ ಹೊಸ ಟವಲ್ ಕೂಡ ಇಟ್ಟಿದೀನಿ. ಮೊದಲು ನೀವು ಏಳಿ.”

“ಏಳಕ್ಕಾಗ್ತಿಲ್ಲ ಮೇಡಂ.”

ಡ್ರಿಲ್ ಮೇಷ್ಟ್ರು ಸಂದರ್ಭವನ್ನು ಕೈಗೆ ತೆಗೆದುಕೊಂಡು ಸೀಟಿ ಊದಿದರು. ಸೀಟಿ ಕೇಳಿದರೆ ಸಾಲು ಕಟ್ಟುವುದನ್ನಷ್ಟೇ ಕಲಿತಿದ್ದ ಮಕ್ಕಳು ಎಲ್ಲ ತರಗತಿಗಳಿಂದ ಹೊರಗೆ ಬಂದು, ಮಲಗಿದ್ದ ಮೇಷ್ಟ್ರ ಎರಡೂ ಕಡೆ ಎತ್ತರದ ಪ್ರಕಾರ ಸಾಲಾಗಿ ನಿಂತರು. ಡ್ರಿಲ್ ಮೇಷ್ಟ್ರು ಬಾಟ್ಲಿ ಮೇಷ್ಟ್ರ ಸೊಂಟ ಹಿಡಿದರು, ಅವರ ಸೊಂಟವನ್ನು ದೊಡ್ಡ ಹುಡುಗರು ಹಿಡಿದರು, ಹಗ್ಗಜಗ್ಗಾಟ ಶುರುವಾಯಿತು. “ಎಳಿ... ಬಿಡು... ಎಳಿ...” ಎಂದು ಡ್ರಿಲ್ ಮೇಷ್ಟ್ರು ತಾಳ ಹಾಕುತ್ತಿರುವಾಗ, ಗೇಟಿನಿಂದ ಕಾರು ಒಳಗೆ ಬಂದು ನಿಂತು ಸಾಹೇಬರು ಇಳಿದರು.

ಸಾಹೇಬರು ಮಾತು ಕಡಿಮೆ. ಅವರಿಗೆ ಇದ್ದದ್ದು ಒಂದೇ ಶಬ್ದ, “ಹೂಂ”. ಅದನ್ನು ಅವರು ಹಲವು ಬಗೆಯಲ್ಲಿ ಹೇಳುತ್ತಿದ್ದರು. ಒಂದೊಂದು ಹೂಂಗೂ ಅರ್ಥ ಹೇಳಬಲ್ಲವರು ಜಿಲ್ಲೆಯಲ್ಲಿ ಹೆಡ್‌ಮೇಡಂ ಒಬ್ಬರೇ ಎಂದು ಪ್ರತೀತಿ.

“ಹೂಂ?” ಎಂದರು ಸಾಹೇಬರು, ನೆಲದ ಕಡೆ ನೋಡಿ.

“ವಿಜ್ಞಾನದ ಮೇಷ್ಟ್ರು ಸಾರ್,” ಎಂದರು ಹೆಡ್‌ಮೇಡಂ ಬೆವರು ಒರೆಸಿಕೊಳ್ಳುತ್ತಾ. “ಪಾಠಕ್ಕೆ ತಯಾರಿ ಮಾಡ್ಕೊಳ್ತಿದಾರೆ.”

“ನಮಸ್ಕಾರ ಸಾರ್,” ಎಂದರು ಮೇಷ್ಟ್ರು ನೆಲದಿಂದಲೇ, ಬಿಡುವಾಗಿದ್ದ ಒಂದು ಕೈ ಎತ್ತಿ.

ಕೊನೆಗೆ ಅವರನ್ನು ಬಿಡಿಸಿದ್ದು ಡ್ರಿಲ್ ಮೇಷ್ಟ್ರ ಬಲವಲ್ಲ, ಜಿಡ್ಡೇ. ತೋಳಿಗೆ ಸುತ್ತಲೂ ಅದು ಮೆತ್ತಿಕೊಂಡಿದ್ದರಿಂದ ಕೈ ಬೆಣ್ಣೆಯಿಂದ ಕೂದಲು ಬಂದಂತೆ ನುಣುಪಾಗಿ ಹೊರಗೆ ಬಂತು. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಡ್ರಿಲ್ ಮೇಷ್ಟ್ರ ಬಿಳಿ ಬಟ್ಟೆಯ ಮೇಲೆ ಐದು ಬೆರಳಿನ ಹಳದಿ ಗುರುತು ಮೂಡಿತು. ಮೇಷ್ಟ್ರು ಯಾರ ಕಡೆಯೂ ನೋಡದೆ ಮುಷ್ಟಿಯಲ್ಲಿದ್ದದ್ದನ್ನು ಬಾಟ್ಲಿಗೆ ಹಾಕಿ ಮುಚ್ಚಳ ತಿರುಗಿಸಿದರು.

“ಹೂಂ,” ಎಂದರು ಸಾಹೇಬರು. ಇದರ ಅರ್ಥ ಹೆಡ್‌ಮೇಡಂಗೂ ಹೊಳೆಯಲಿಲ್ಲ.

ತರಗತಿಯಲ್ಲಿ ಸಾಹೇಬರು, ಹೆಡ್‌ಮೇಡಂ ಮುಂದಿನ ಕುರ್ಚಿಗಳಲ್ಲಿ ಕುಳಿತರು. ಬಟ್ಟೆ ತೊಳೆದು ಬಂದ ಡ್ರಿಲ್ ಮೇಷ್ಟ್ರು ಸೋಲು ನೋಡುವ ಆಸೆಯಿಂದ ಹಿಂದುಗಡೆ ಗೋಡೆಗೆ ಒರಗಿ ನಿಂತರು. ಮೇಷ್ಟ್ರ ಒಂದು ತೋಳು ಇನ್ನೂ ಮಿರಮಿರ ಮಿಂಚುತ್ತಿತ್ತು, ಕೂದಲಿನಲ್ಲಿ ಪಡಸಾಲೆಯ ಧೂಳಿತ್ತು. ಆದರೆ ಚೀಲದಿಂದ ಬಾಟ್ಲಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಂತೆ ಅವರು ಬೇರೆಯೇ ಮನುಷ್ಯರಾದರು. ನೀರಿಗೆ ಬಿಟ್ಟ ಬಾತುಕೋಳಿ ದಡದಲ್ಲಿ ಹೇಗೆ ನಡೆಯುತ್ತಿತ್ತು ಎನ್ನುವುದು ಯಾರಿಗೂ ನೆನಪಾಗುವುದಿಲ್ಲವಲ್ಲ, ಹಾಗೆ.

ಮೊದಲನೆಯ ಬಾಟ್ಲಿಯಲ್ಲಿ ತಣ್ಣೀರು. ಜಿಡ್ಡಿನ ಚೂರು ಹಾಕಿ ಕುಲುಕಿದರು. ಚೂರು ಮುನಿಸಿಕೊಂಡ ಮಗುವಿನ ಹಾಗೆ ಮೇಲೆ ಬಂದು ಮೂಲೆ ಸೇರಿತು.

ಎರಡನೆಯದರಲ್ಲಿ ಸೀಮೆಎಣ್ಣೆ. ಅದರಲ್ಲಿ ಹಾಕಿದ ಚೂರು ತವರಿಗೆ ಬಂದ ಮಗಳಂತೆ ನೋಡುನೋಡುತ್ತಾ ಬೆರೆತುಹೋಯಿತು.

“ಯಾಕೆ ಸಾರ್?” ಎಂದಳು ಕೊನೆಯ ಬೆಂಚಿನ ಹುಡುಗಿ. ಅವಳು ಯಾವಾಗಲೂ ಇದೊಂದೇ ಪ್ರಶ್ನೆ ಕೇಳುತ್ತಿದ್ದುದರಿಂದ ಮಕ್ಕಳು ಅವಳನ್ನು ‘ಯಾಕೆ’ ಎಂದೇ ಕರೆಯುತ್ತಿದ್ದರು.

“ತನ್ನ ಜನ ಸಿಕ್ಕರೆ ಬೆರೆಯುತ್ತೆ, ಸಿಗದಿದ್ರೆ ಬೇರೆ ಕೂರುತ್ತೆ. ನೀರಿನದು ಒಂದು ಸ್ವಭಾವ, ಎಣ್ಣೆಯದು ಇನ್ನೊಂದು. ನೀರಿನ ಕಣಗಳು ಒಂದರ ಕೈ ಒಂದು ಬಿಡೋದೇ ಇಲ್ಲ, ನಡುವೆ ಜಿಡ್ಡಿಗೆ ಜಾಗ ಕೊಡಲ್ಲ. ಸಕ್ಕರೆಗಾದ್ರೆ ಕೊಡುತ್ತೆ, ಅದು ಇವರ ಕೈ ಹಿಡಿಯೋಕೆ ಬಲ್ಲದು. ಈಗ ಬಿಸಿ ನೀರು ನೋಡೋಣ.”

ಬಿಸಿ ನೀರಿನಲ್ಲಿ ಚೂರು ಕ್ಷಣದಲ್ಲಿ ಕಾಣೆಯಾಯಿತು. ಮೇಲೆ ಚಿನ್ನದ ಬಣ್ಣದ ಸಣ್ಣ ಸಣ್ಣ ಬಿಲ್ಲೆಗಳು ತೇಲಿದವು.

“ನೋಡಿದ್ರಾ,” ಎಂದರು ಹೆಡ್‌ಮೇಡಂ ಸಾಹೇಬರ ಕಡೆ ವಾಲಿ. “ಅದಕ್ಕೇ ನಾನು ಬೆಳಿಗ್ಗೆ ಬಿಸಿ ನೀರು ಹಾಕ್ಸಿದ್ದು.”

“ಸ್ವಲ್ಪ ಕಾಯ್ರಿ ಮೇಡಂ,” ಎಂದರು ಮೇಷ್ಟ್ರು, ಬಾಟ್ಲಿಯನ್ನು ತಣ್ಣೀರಿನ ಬಟ್ಟಲಿನಲ್ಲಿ ನಿಲ್ಲಿಸುತ್ತಾ.

ತರಗತಿ ಕಾಯಿತು. ಸಾಹೇಬರೂ ಕಾದರು. ಬಿಲ್ಲೆಗಳು ಮಸುಕಾದವು, ಒಂದಕ್ಕೊಂದು ಅಂಟಿಕೊಂಡವು, ಬಾಟ್ಲಿಯ ಗೋಡೆಗೆ ಹೋಗಿ ಬಳೆಯ ಹಾಗೆ ಸುತ್ತ ಕಟ್ಟಿದವು. ಮೇಷ್ಟ್ರು ಬಾಟ್ಲಿಯನ್ನು ತಲೆಕೆಳಗು ಮಾಡಿದರು. ನೀರು ಸುರಿಯಿತು. ಬಳೆ ಅಲ್ಲೇ ಉಳಿಯಿತು. ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು.

ಇನ್ನು ಸೋಪು. ಸೋಪಿನ ನೀರಿನಲ್ಲಿ ಕುಲುಕಿದಾಗ ಜಿಡ್ಡು ಹಾಲಿನ ಹಾಗೆ ಬೆಳ್ಳಗೆ ಹರಡಿತು. “ಸೋಪಿಗೆ ಎರಡು ಕೈ. ಒಂದರಲ್ಲಿ ನೀರು ಹಿಡಿಯುತ್ತೆ, ಒಂದರಲ್ಲಿ ಜಿಡ್ಡು. ಆದರೆ ದಲ್ಲಾಳಿ ಎಷ್ಟು ದೂರ ಜೊತೆಗೆ ಬಂದಾನು?” ಎನ್ನುತ್ತಾ ಆ ಹಾಲನ್ನು ಒಂದು ಬಕೆಟ್ ತಣ್ಣೀರಿಗೆ ಸುರಿದರು. ಸ್ವಲ್ಪ ಹೊತ್ತಿಗೆ ಬಕೆಟ್ಟಿನ ಮೇಲೆ ಬೂದು ಬಣ್ಣದ ಕೆನೆ ತೇಲಿಬಂತು. “ಅಷ್ಟು ನೀರಿನಲ್ಲಿ ಸೋಪು ತೆಳ್ಳಗಾಗಿ ಕೈ ಬಿಡ್ತು. ಜಿಡ್ಡು ಮತ್ತೆ ಒಂಟಿ. ಒಂಟಿ ಜಿಡ್ಡು ಇನ್ನೊಂದು ಒಂಟಿ ಜಿಡ್ಡನ್ನ ಹುಡುಕುತ್ತೆ.”

ಕೊನೆಯ ಬೆಂಚಿನಲ್ಲಿ ‘ಯಾಕೆ’ ಎದ್ದು ನಿಂತಿದ್ದಳು. ಅವಳ ಹುಬ್ಬು ಗಂಟಿಕ್ಕಿತ್ತು. ಹುಟ್ಟಿದಂದಿನಿಂದ ಮೊದಲ ಸಲ ಬೇರೆ ಪ್ರಶ್ನೆ ಕೇಳಿದಳು.

“ಹಾಗಾದ್ರೆ ಬೆಳಿಗ್ಗೆ ಮೇಡಂ ಓಡಿಸಿದ ಜಿಡ್ಡೆಲ್ಲ ಈಗ ಎಲ್ಲಿ ಕೂತಿರುತ್ತೆ ಸಾರ್?”

ಮೇಷ್ಟ್ರ ಮುಖ ಬೆಳಗಿತು. ಒಬ್ಬ ಮೇಷ್ಟ್ರಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ ಎನ್ನುವಂಥ ಪ್ರಶ್ನೆ. ಬೋರ್ಡಿನ ಮೇಲೆ ಪೈಪಿನ ದಾರಿ ಎಳೆದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು. ಹುಡುಗಿ ಯೋಚಿಸಿ, ಅಡುಗೆಮನೆಯಿಂದ ಬೆರಳಾಡಿಸುತ್ತಾ ಬಂದು, ಹೆಡ್‌ಮೇಡಂ ಶೌಚಾಲಯದ ಕೆಳಗೆ ಗುಂಡಗೆ ಒಂದು ಸೊನ್ನೆ ಸುತ್ತಿದಳು. ತರಗತಿ ನಕ್ಕಿತು. ಹೆಡ್‌ಮೇಡಂ ನಗಲಿಲ್ಲ.

ಆಗ ಸಾಹೇಬರು ಬಾಯಿ ಬಿಟ್ಟರು. “ಇದಕ್ಕೇನು ದಾರಿ?”

ಹೂಂ ಅಲ್ಲದ ಮಾತು ಕೇಳಿ ಹೆಡ್‌ಮೇಡಂ ಬೆಚ್ಚಿಬಿದ್ದರು.

“ತೊಟ್ಟಿ ಸಾರ್,” ಎಂದು ಮೇಷ್ಟ್ರು ಉತ್ಸಾಹದಿಂದ ಬೋರ್ಡಿಗೆ ತಿರುಗಿದರು. “ಬಿಸಿ ನೀರು ಇಲ್ಲಿ ಒಳಗೆ ಬಂದು ಸುಧಾರಿಸ್ಕೋಬೇಕು. ತಣ್ಣಗಾಗ್ತಿದ್ದ ಹಾಗೆ ಜಿಡ್ಡು ಮೇಲೆ ತೇಲುತ್ತೆ, ಕೆಳಗಿನ ನೀರು ಆ ಕಡೆ ಹೋಗುತ್ತೆ. ವಾರಕ್ಕೊಮ್ಮೆ ಮೇಲಿನದನ್ನ ಬಗ್ಗಿ ತೆಗೆದ್ರೆ ಆಯ್ತು. ಆದರೆ ಪೈಪಿಗೆ ಹೋಗೋಕೆ ಮುಂಚೆನೇ ಹಿಡೀಬೇಕು ಸಾರ್, ಅಡುಗೆಮನೆ ಪಕ್ಕದಲ್ಲೇ. ನೆರಳಿರಬೇಕು.” ಅಡುಗೆಮನೆಯ ಪಕ್ಕ ದೊಡ್ಡದಾಗಿ ಒಂದು ಚೌಕ ಎಳೆದು, ಅದರೊಳಗೆ ನೀಟಾಗಿ ಗೀಟು ಹಾಕಿ ತುಂಬಿಸಿದರು.

ಹಿಂದೆ ನಿಂತಿದ್ದ ಡ್ರಿಲ್ ಮೇಷ್ಟ್ರು ಆ ಚೌಕವನ್ನು ತಲೆ ವಾಲಿಸಿ ನೋಡಿದರು.

ಪಾಠ ಮುಗಿದ ಮೇಲೆ ಸಾಹೇಬರು ಕೈ ತೊಳೆಯಲು ಹೆಡ್‌ಮೇಡಂ ಶೌಚಾಲಯಕ್ಕೆ ಹೋದರು. ಬೇಡ ಎನ್ನಲು ಹೆಡ್‌ಮೇಡಂಗೆ ಬಾಯಿ ಬರಲಿಲ್ಲ. ಹೊಸ ಟವಲ್ ಬೇರೆ ಇಟ್ಟಿದ್ದರು. ಒಳಗೆ ನೀರು ಎಳೆದ ಸದ್ದಾಯಿತು. ಆಮೇಲೆ ಯಾರೋ ದೊಡ್ಡ ಹಂಡೆಯಲ್ಲಿ ಗಂಟಲು ಮುಕ್ಕಳಿಸಿದಂಥ ಸದ್ದು. ಆಮೇಲೆ, ಎಲ್ಲಕ್ಕಿಂತ ಕೊನೆಗೆ, ಈವರೆಗೆ ಯಾರೂ ಕೇಳಿರದ ಬಗೆಯ ಒಂದು ಉದ್ದನೆಯ “ಹೂಂ...”

ಬಾಗಿಲು ತೆರೆದಾಗ ಸಾಹೇಬರ ಪ್ಯಾಂಟು ಮೊಣಕಾಲಿಗೆ ಏರಿತ್ತು. ಬೂಟುಗಳು ಕೈಯಲ್ಲಿದ್ದವು. ಹೊಸ ಟವಲ್ ಅವರಿಗಿಂತ ಮುಂಚೆ ಹೊಸ್ತಿಲು ದಾಟಿ ತೇಲಿಬಂತು. ಹೆಡ್‌ಮೇಡಂ ಕಣ್ಣು ಮುಚ್ಚಿಕೊಂಡರು.

ಸಾಹೇಬರು ಮಾತ್ರ ಬರಿಗಾಲಿನಲ್ಲಿ ಸೀದಾ ಬಾಟ್ಲಿ ಮೇಷ್ಟ್ರ ಮುಂದೆ ಬಂದು ನಿಂತರು. “ಹುಡುಗಿ ಸೊನ್ನೆ ಹಾಕಿದಳಲ್ಲ, ಅಲ್ಲೇ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. “ಎಷ್ಟು ಶಾಲೆ ನೋಡಿದೀನಿ ಮೇಷ್ಟ್ರೇ. ಪಾಠ ಹೇಳಿದ್ದು ಪುಸ್ತಕದಲ್ಲಿ ಇರುತ್ತೆ, ಪರೀಕ್ಷೇಲಿ ಇರುತ್ತೆ. ಕಾಲಿಗೆ ತಾಗಿದ್ದು ಇದೇ ಮೊದಲು.”

ಹೆಡ್‌ಮೇಡಂ ಆಫೀಸು ಒದ್ದೆಯಾಗಿದ್ದರಿಂದ ಎಲ್ಲರೂ ಪಡಸಾಲೆಯಲ್ಲೇ ಸೇರಿದರು. ಮಕ್ಕಳು ಕಂಬಗಳ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು.

“ಖಾಲಿ ಕೋಣೆ,” ಎಂದರು ಸಾಹೇಬರು. “ಅದು ವಿಜ್ಞಾನದ ಮೇಷ್ಟ್ರಿಗೆ.”

ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಅವರ ಕಣ್ಣ ಮುಂದೆ ಹಲಗೆಗಳು ಗೋಡೆಗೆ ಹತ್ತಿದವು, ಬಾಟ್ಲಿಗಳು ಚೀಲದಿಂದ ಇಳಿದು ತಾವೇ ಸಾಲಾಗಿ ಕುಳಿತವು. ಹೆಡ್‌ಮೇಡಂ ಬೀಗದಕೈ ತಂದು ಅವರ ಅಂಗೈಯಲ್ಲಿಟ್ಟರು.

“ಅಲ್ಲೇ ನೆಲ ಅಗೆಸಿ ಆ ತೊಟ್ಟಿ ಕಟ್ಟಿಸಿ,” ಸಾಹೇಬರು ಮುಂದುವರಿಸಿದರು. “ನೀವು ಬೋರ್ಡಿನ ಮೇಲೆ ತೋರಿಸಿದ್ರಲ್ಲ, ಅಡುಗೆಮನೆ ಪಕ್ಕ. ಆ ಜಾಗ ಅದೇ ಕೋಣೆ. ಉಸ್ತುವಾರಿ ನಿಮ್ಮದೇ. ಈ ವಿದ್ಯೆ ಬಲ್ಲವರು ನೀವೊಬ್ಬರೇ.”

ಮೇಷ್ಟ್ರ ಅಂಗೈಯಲ್ಲಿ ಬೀಗದಕೈ ಇದ್ದಕ್ಕಿದ್ದಂತೆ ತೂಕವಾಯಿತು.

ಅವರ ಮುಖ ನೋಡಿ ಸಾಹೇಬರಿಗೆ ಏನೋ ಹೊಳೆದಿರಬೇಕು. ಹತ್ತಿರ ಬಂದು ದನಿ ಇಳಿಸಿದರು. “ನಿಮಗೆ ಪ್ರಯೋಗಾಲಯ ಬೇಕಿತ್ತು ಅಂತ ಕೇಳಿದೀನಿ. ಒಂದು ಮಾತು ಹೇಳಿ. ತೊಟ್ಟೀನ ಆಚೆ ಅಂಗಳದಲ್ಲಿ ಕಟ್ಟಿದ್ರೆ ಆಗಲ್ವಾ? ಆಗುತ್ತೆ ಅನ್ನಿ, ಕೋಣೆ ನಿಮ್ಮ ಬಾಟ್ಲಿಗಳಿಗೆ ಬಿಟ್ಟುಬಿಡೋಣ.”

ಆಗುತ್ತೆ ಎನ್ನುವುದೇನು ದೊಡ್ಡ ಮಾತಲ್ಲ. ದಿನಕ್ಕೆ ಹತ್ತಾರು ಸಲ ಯಾರು ಯಾರಿಗೋ ಹೇಳುವ ಮಾತು. ಮೇಷ್ಟ್ರು ಬಾಯಿ ತೆರೆದರು ಕೂಡ. ಎದುರಿನ ಕಂಬದ ಪಕ್ಕದಲ್ಲಿ ‘ಯಾಕೆ’ ಕಂಡಳು. ಅವಳ ಹುಬ್ಬು ಮತ್ತೆ ಗಂಟಿಕ್ಕಿತ್ತು, ಅಂಗಳಕ್ಕೂ ಅಡುಗೆಮನೆಗೂ ನಡುವೆ ಅವಳ ಬೆರಳು ಗಾಳಿಯಲ್ಲಿ ಪೈಪಿನ ದಾರಿ ಎಳೆಯುತ್ತಿತ್ತು. ಲೆಕ್ಕ ಹಾಕುತ್ತಿದ್ದಳು. ಇನ್ನೇನು ಉತ್ತರ ಅವಳಿಗೆ ಸಿಗುವುದರಲ್ಲಿತ್ತು.

“ಆಗಲ್ಲ ಸಾರ್,” ಎಂದರು ಮೇಷ್ಟ್ರು. “ಅಂಗಳಕ್ಕೆ ಬರೋಷ್ಟರಲ್ಲಿ ಜಿಡ್ಡು ಪೈಪಿನಲ್ಲೇ ಹತ್ತಿಕೊಂಡಿರುತ್ತೆ. ಮೇಲಾಗಿ ಅಲ್ಲಿ ಬಿಸಿಲು. ಅಡುಗೆಮನೆಗೆ ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಆ ಕೋಣೆ. ಬೇರೆ ಜಾಗ ಇಲ್ಲ.”

ಕಂಬದ ಪಕ್ಕದ ಹುಬ್ಬು ಸಡಿಲವಾಯಿತು. ಹುಡುಗಿ ತಲೆಯಾಡಿಸಿದಳು, ಸರಿಯಾದ ಉತ್ತರಕ್ಕೆ ಮೇಷ್ಟ್ರು ಆಡಿಸುತ್ತಿದ್ದ ಹಾಗೆಯೇ. ಕೋಣೆ ಬೇಕಾದರೆ ಹೋಗಲಿ, ಜಿಡ್ಡು ತನ್ನ ಸ್ವಭಾವ ಬಿಡುವುದಿಲ್ಲ. ಮೇಷ್ಟ್ರದೂ ಅಷ್ಟೇ.

“ಹೂಂ,” ಎಂದರು ಸಾಹೇಬರು. ಇದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ.

ಕಾರು ಹೊರಟ ಮೇಲೆ ಡ್ರಿಲ್ ಮೇಷ್ಟ್ರು ಬಳಿಗೆ ಬಂದರು. “ತಾನು ತೋಡಿದ ಗುಂಡಿಗೆ ತಾನೇ ಬೀಳೋದು ಅಂತ ಕೇಳಿದ್ದೆ ಮೇಷ್ಟ್ರೇ. ಗುಂಡಿಗೆ ಬೀಗ ಹಾಕಿ ಬೀಗದಕೈಯನ್ನೂ ಕೊಟ್ಟಿದ್ದು ಇವತ್ತೇ ನೋಡಿದ್ದು.” ನಗಬೇಕೆಂದು ಬಂದವರಿಗೆ ಯಾಕೋ ಪೂರ್ತಿ ನಗು ಬರಲಿಲ್ಲ. “ತೊಟ್ಟಿ ಮುಚ್ಚಳ ಭಾರ ಇರುತ್ತೆ. ಒಬ್ರೇ ಎತ್ತೋಕೆ ಹೋಗ್ಬೇಡಿ, ನನ್ನ ಕರೀರಿ,” ಎಂದು ಸೀಟಿ ತಿರುಗಿಸುತ್ತಾ ಹೋದರು.

ಸಂಜೆ ಮನೆಯ ಬಾಗಿಲು ಈ ಸಲವೂ ಸದ್ದು ಮಾಡಲಿಲ್ಲ. ಹಾಗಾಗಿ ಮೇಷ್ಟ್ರು ಬಂದದ್ದು ಅವರು ಚೀಲ ಇಳಿಸುವ ತನಕ ಯಾರಿಗೂ ತಿಳಿಯಲಿಲ್ಲ.

“ಕೋಣೆ ಸಿಕ್ತಾ?” ಹೆಂಡತಿ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

“ಸಿಕ್ತು.” ಮೇಷ್ಟ್ರು ಬೀಗದಕೈಯನ್ನು ಮೇಜಿನ ಮೇಲಿಟ್ಟರು.

“ಮತ್ತೆ ಮುಖ ಯಾಕೆ ಹೀಗಿದೆ?”

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಬೆಳಿಗ್ಗೆ ತೊಳೆದು ಕವುಚಿಟ್ಟಿದ್ದ ಬಾಟ್ಲಿ ಇತ್ತು. ಅದನ್ನು ಅವರು ಇನ್ನೊಮ್ಮೆ ಸೆರಗಿನಿಂದ ಒರೆಸಿ ಹೊಳೆಯುವ ಹಾಗೆ ಮಾಡಿದ್ದರು.

“ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಹಿತ್ತಿಲ ಬಾಗಿಲು ಹಾಗೇ ಉಳೀತು. ಮೇಲಿನ ಮನೆಯವರು ಬೇರೆ ನಮ್ಮ ಬಾಗಿಲು ನೋಡಿ ಕೇಳ್ತಾ ಇದ್ರು. ಇಂಥದ್ದೇ ಇನ್ನೊಂದು ಬಾಟ್ಲಿ ಎಲ್ಲಾದ್ರೂ ಸಿಗುತ್ತಾ?”

ಮೇಷ್ಟ್ರು ಬಾಟ್ಲಿಯನ್ನು ಕೈಗೆ ತೆಗೆದುಕೊಂಡು ಮೇಜಿನ ಮೇಲಿನ ಬೀಗದಕೈ ನೋಡಿದರು.

“ಸಿಗುತ್ತೆ ಅತ್ತೆ,” ಎಂದರು. “ಇನ್ನು ಮೇಲೆ ವಾರವಾರವೂ ಸಿಗುತ್ತೆ.”